ಬಾಗಿಲ ಮೇಲಿನ ‘ಮಾ’

ಶಮೀಮಕ್ಕ, ನಿಮ್ಮ ಬಾಗಿಲಿಗೆ ಅಂಟಿಸಿದ ಗುಲಾಬಿ ಕಾಗದದಲ್ಲಿ ಮಗಳು ನಸೀಮಾಳ ಹೆಸರಿನ ಕೊನೆಗೊಂದು ‘ಮಾ’ ಇದೆಯಲ್ಲ — ಅದು ನಿಮ್ಮ ಅಬ್ಬಾ ಕೆತ್ತಿದ್ದಲ್ಲ. ನಾನು ಮಾಡಿದ್ದು. ಹುಮನಾಬಾದಿನ ನನ್ನ ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತು, ಮೌಸ್ ಹಿಡಿದು. ಅಬ್ಬಾ ಕೆತ್ತಿದ ‘ಮ’ ಅಷ್ಟರಲ್ಲಿ ನನ್ನ ಕೈಯಲ್ಲೇ ಹಾಳಾಗಿತ್ತು. ಅದೊಂದೇ ಅಲ್ಲ — ನೀವು ನಂಬಿ ಕೊಟ್ಟ ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಅಕ್ಷರಗಳು.

ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಒಂದು ನಮೂನಿ ತಪ್ಪಿಸಿಕೊಳ್ಳುವುದೇ. ಸುಳ್ಳನ್ನು ಅಷ್ಟು ಚೆಂದ ಮಾಡಿ ಹೇಳಿದವನು ನಿಜವನ್ನು ಪೂರ್ತಿ ಹೇಳಬೇಕು.

ನಿಮ್ಮ ಅಬ್ಬಾ ಕಲ್ಯಾಣದ ಪ್ರೆಸ್ಸಿಗೆ ಮರದ ಅಕ್ಷರ ಕೆತ್ತುತ್ತಿದ್ದರು. ನಾಟಕದ, ಕುಸ್ತಿಯ ದೊಡ್ಡ ಪೋಸ್ಟರಿಗೆ ಸೀಸದ ಅಚ್ಚುಮೊಳೆ ಸಾಲುತ್ತಿರಲಿಲ್ಲ. ಅಂಗೈಯಷ್ಟು ಅಕ್ಷರ ಬೇಕಾದರೆ ಸಾಗವಾನಿಯೇ ಆಗಬೇಕು. ಸಾಲೆಯಲ್ಲಿ ಉರ್ದು ಕಲಿತವರು, ಕನ್ನಡವನ್ನು ಉಳಿಯಿಂದ ಕಲಿತರು — ಅದೂ ತಿರುವುಮುರುವಾಗಿ. ನೇರ ಅಚ್ಚಾದ ಕಾಗದ ಕೊಟ್ಟರೆ ‘ಕನ್ನಡಿ ತಾರೋ’ ಎಂದು ನಗಿಸುತ್ತಿದ್ದರು. ನಮ್ಮಪ್ಪ ಹುಮನಾಬಾದಿನ ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದ. ಇಬ್ಬರೂ ದೋಸ್ತರು. ನಿಮ್ಮ ಅಬ್ಬಾನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನಾನು ಮಾತು ಕಲಿತೆ. ನನ್ನ ನಾಲಿಗೆಯಲ್ಲಿ ಏನಾದರೂ ರುಚಿ ಇದ್ದರೆ ಅರ್ಧ ಅವರದು.

ನಿಮ್ಮ ಮನೆಯ ಪದ್ಧತಿಯೂ ಆಗಿನಿಂದ ಗೊತ್ತು. ಮಗಳ ಮದುವೆಯ ದಿನ ಆ ಅಕ್ಷರಗಳಲ್ಲಿ ಅವಳೊಬ್ಬಳದೇ ಹೆಸರು ಒತ್ತಿ ತವರಿನ ಬಾಗಿಲಿಗೆ ಅಂಟಿಸುವುದು. ಹುಡುಗಿ ಹೋದರೂ ಹೆಸರು ಮನೆಯಲ್ಲಿರಲಿ ಅಂತ. ನಿಮ್ಮ ಹೆಸರನ್ನು ಅಬ್ಬಾ ತಾವೇ ಒತ್ತಿದ್ದರು. ಬಾಗಿಲು ಬದಲಾದಾಗ ಅದು ಹೋಯಿತೆಂದು ನೀವು ಎಷ್ಟು ಸಲ ಹೇಳಿ ಮರುಗಿದ್ದೀರಿ.

ಅಬ್ಬಾ ಹೋದ ಮೇಲೆ ನಾನೇ ಬಂದು ಕೇಳಿದೆ. ಈ ಅಕ್ಷರಗಳಿಂದ ಫಾಂಟ್ ಮಾಡುತ್ತೇನೆ, ಮೊದಲು ಒಂದಷ್ಟನ್ನು ಮಾದರಿ ಅಂತ ಪುಕ್ಕಟೆ ಬಿಡುತ್ತೇನೆ, ಜಗತ್ತಿನಲ್ಲಿ ಯಾರು ಬೇಕಾದರೂ ಅಬ್ಬಾನ ಅಕ್ಷರದಲ್ಲಿ ಬರೆಯಬಹುದು ಅಂದೆ. ನಿಮಗೆ ಅದೆಲ್ಲ ಎಷ್ಟು ತಿಳಿಯಿತೋ — ತಗಡಿನ ಪೆಟ್ಟಿಗೆ ತಂದು ಮುಂದಿಟ್ಟಿರಿ. ಕೇಳಿದ್ದು ಒಂದೇ ಮಾತು:

“ನಸೀಮಾನ ಮದುವಿಗಿ ವಾಪಸ್ ಬೇಕು ನೋಡಪಾ ಬಸು.”

ಅಕ್ಷರಗಳಿಗೆ ಶಾಯಿ ಲೇಪಿಸಿ ಕಾಗದಕ್ಕೆ ಒತ್ತಿ, ಆ ಅಚ್ಚನ್ನು ಸ್ಕ್ಯಾನ್ ಮಾಡತೊಡಗಿದೆ. ಕೆಲವು ಚೊಕ್ಕ ಬಂದವು. ಉಳಿದವುಗಳ ಸಂದಿಗಳಲ್ಲಿ ಹಳೆಯ ಶಾಯಿ ಕಲ್ಲಾಗಿತ್ತು, ಅಚ್ಚು ಮೆತ್ತಿಕೊಳ್ಳುತ್ತಿತ್ತು. ಆಗ ನಾನು — ಪ್ರೆಸ್ಸಿನವನ ಮಗ ಮಾತ್ರ ಮಾಡಬಹುದಾದ ಕೆಲಸ ಮಾಡಿದೆ. ಅಪ್ಪ ಸೀಸದ ಮೊಳೆಗಳನ್ನು ಸೋಡಾ ನೀರಿನಲ್ಲಿ ತೊಳೆಯುವುದನ್ನು ನೋಡಿ ಬೆಳೆದವನು. ಬಕೆಟ್ಟಿನಲ್ಲಿ ಬಿಸಿನೀರು ಹೊಯ್ದು, ಸೋಡಾ ಕಲಸಿ, ಅವನ್ನೆಲ್ಲ ನೆನೆಹಾಕಿದೆ. ಆಮೇಲೆ ಮಾಳಿಗೆ ಮೇಲೆ ಬೇಸಿಗೆ ಬಿಸಿಲಿಗೆ ಹರವಿದೆ, ಶಂಡಿಗೆ ಹರವಿದ ಹಾಗೆ. ಮರಕ್ಕೆ ನೀರು ತಾಗಿಸಬಾರದು, ಸೀಮೆಎಣ್ಣೆ ಅರಿವೆಯಲ್ಲಿ ಒರೆಸಬೇಕು ಎಂದು ಅಬ್ಬಾ ಹೇಳುತ್ತಿದ್ದುದು ನೆನಪಾಗಲಿಲ್ಲ. ಅಥವಾ ನೆನಪಾಗಿತ್ತೇನೋ — ಅವಸರವಿತ್ತು. ಗೊತ್ತಿಲ್ಲ. ಮತ್ತೆ ಮೇಲೆ ಹತ್ತಿದಾಗ ಸೊಟ್ಟಗಾಗಿದ್ದವು. ಕೆಲವು ನಡುವೆಯೇ ಬಾಯಿ ಬಿಟ್ಟಿದ್ದವು. ‘ಮ’ ಎರಡು ಹೋಳು.

ಆ ದಿನವೇ ಬಸ್ ಹತ್ತಿ ಕಲ್ಯಾಣಕ್ಕೆ ಬಂದು ಹೇಳಿದ್ದರೆ ಕೆಡಿಸಿದ್ದು ಬರೀ ಒಂದು ತಪ್ಪು ಅನಿಸಿಕೊಳ್ಳುತ್ತಿತ್ತು. ನಾನು ಬರಲಿಲ್ಲ. ಪೆಟ್ಟಿಗೆಯನ್ನು ಫ್ಲೆಕ್ಸ್ ಸುರುಳಿಗಳ ಹಿಂದೆ ತಳ್ಳಿದೆ. ಸ್ಕ್ಯಾನ್ ಆಗಿದ್ದ ಅಕ್ಷರಗಳಷ್ಟನ್ನೇ ‘ಉಚಿತ ಮಾದರಿ’ ಎಂದು ಇಂಟರ್ನೆಟ್ಟಿಗೆ ಹಾಕಿದೆ. ಜನ ಮೆಚ್ಚಿದರು. ಪೂರ್ತಿ ಫಾಂಟ್ ಯಾವಾಗ ಎಂದು ಈಗಲೂ ಕೇಳುತ್ತಾರೆ; ರೊಕ್ಕಕ್ಕಾಗಿ ಉಳಿದದ್ದನ್ನು ತಡೆಹಿಡಿದಿದ್ದೇನೆ ಎಂದು ಹಂಗಿಸುತ್ತಾರೆ. ಪೂರ್ತಿ ಅನ್ನುವುದು ಇಲ್ಲವೇ ಇಲ್ಲ.

ನಸೀಮಾಳ ಮದುವೆ ಬಂತು. ‘ನ’ ಇತ್ತು, ‘ಸೀ’ ಇತ್ತು. ‘ಮಾ’ ಇರಲಿಲ್ಲ. ಉಳಿದ ಅಕ್ಷರಗಳ ಹೊಟ್ಟೆ, ತಲೆಕಟ್ಟು ನೋಡಿ ಒಂದು ಬರೆದೆ. ಬಲು ನುಣುಪಾಯಿತು. ಹಾಗಾಗಿ ಅಂಚಿನಲ್ಲಿ ಸಣ್ಣ ಮುಕ್ಕು ಮಾಡಿದೆ, ಒಳಗೆ ಮರದ ಗಂಟಿನ ಗುರುತು ಹಾಕಿದೆ. ಅಕ್ಕ, ಅಲ್ಲಿಯವರೆಗೆ ನನಗೆ ಹೆದರಿಕೆ ಇತ್ತು. ಆ ಗಂಟು ಬರೆಯುವಾಗ ಖುಷಿ ಇತ್ತು. ಅದನ್ನೂ ಹೇಳಬೇಕು.

ಗುಲಾಬಿ ಹಾಳೆಗೆ ಪ್ರಿಂಟರಿನಲ್ಲಿ ತೆಗೆದು ತಂದೆ. ಪೆಟ್ಟಿಗೆ ಎಲ್ಲಿ ಅಂದಿರಿ. ಭಾರ, ಬಸ್ಸಿನಲ್ಲಿ ತರಲಾಗಲಿಲ್ಲ ಅಂದೆ. ನಿನ್ನ ಕಡೆ ಇದ್ದರೆ ನಮ್ಮ ಮನೆಯಲ್ಲಿದ್ದ ಹಾಗೇ ಅಂದಿರಿ. ಕಾಗದ ಅಂಟಿಸಿ, ನಸೀಮಾಳನ್ನು ಕರೆದು ನಿಲ್ಲಿಸಿಕೊಂಡು, ಬೆರಳಿಟ್ಟು ತೋರಿಸಿದಿರಿ — ‘ನ’ದ ಮೇಲಲ್ಲ, ‘ಸೀ’ ಮೇಲಲ್ಲ.

“ಈ ‘ಮಾ’ ನೋಡವಾ. ನಿನ್ನ ಅಜ್ಜಾನ ಕೈ ಇದರಾಗೇ ಛಲೋ ಕಾಣಸ್ತದ. ಇಲ್ಲಿ ಗಂಟ ಅದ ನೋಡು, ಹ್ಯಾಂಗ ಉಳಿ ತಿರುವ್ಯಾರ.” ಆಮೇಲೆ ನನ್ನ ಕಡೆ ತಿರುಗಿ, “ಹೌದಿಲ್ಲೋ ಬಸು?”

“ಹೌದ್ರಿ ಅಕ್ಕಾ,” ಅಂದೆ.

ನೀವು ಸೆರಗಿನಿಂದ ಕಣ್ಣೊರೆಸಿಕೊಂಡಿರಿ. ನಸೀಮಾ ಬಗ್ಗಿ ಆ ಅಕ್ಷರಕ್ಕೆ ಮುತ್ತಿಟ್ಟಳು. ನಾನು ಬಿರಿಯಾನಿ ಉಂಡು ಬಂದೆ. ಎರಡನೆಯ ಸಲ ಹಾಕಿಸಿಕೊಂಡೆ ಕೂಡ.

ಇಷ್ಟು ವರ್ಷ ಆ ‘ಹೌದ್ರಿ’ಯ ಮೇಲೆ ಬದುಕಿದ್ದೇನೆ. ಆಮೇಲೆ ನಾನು ಬರೆದ ಆ ‘ಮ’ವನ್ನು ಮಾದರಿಗೂ ಸೇರಿಸಿದೆ, ಎಲ್ಲಕ್ಕಿಂತ ಅದೇ ಚೆಂದ ಎಂದು ಹೊಗಳಿದವರೂ ಇದ್ದಾರೆ. ಹೊಗಳಿದಾಗಲೆಲ್ಲ ನಿಮ್ಮ ಬೆರಳು ಕಾಣುತ್ತದೆ.

ಮೊನ್ನೆ ನಿಮ್ಮ ಫೋನ್ ಬಂತು. ನಸೀಮಾಗೆ ಹೆಣ್ಣು ಕೂಸು. ನಿಮ್ಮ ದನಿಯಲ್ಲಿ ನಗು ತುಂಬಿ ತುಳುಕುತ್ತಿತ್ತು. ಇವಳ ಮದುವೆಗೂ ಅಬ್ಬಾನ ಅಕ್ಷರವೇ ಬೇಕು, ಪೆಟ್ಟಿಗೆ ಜ್ವಾಕಿ ಇಡು, ನಾ ಇರಲಿ ಬಿಡಲಿ ಅಂದಿರಿ. ನಾನು ಬಾಯಿ ತೆರೆದೆ — ‘ಹೌದ್ರಿ’ ನಾಲಿಗೆಯ ತುದಿಯಲ್ಲೇ ಇತ್ತು. ಗಿರಾಕಿ ಬಂದಾರ ಎಂದು ಫೋನ್ ಇಟ್ಟೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಇವತ್ತು ಮಾದರಿಯಿಂದ ಆ ‘ಮ’ವನ್ನು ತೆಗೆದೆ. ಈಗ ಆ ಫಾಂಟಿನಲ್ಲಿ ನಸೀಮಾ ಎಂದು ಬರೆದರೆ ಕೊನೆಗೊಂದು ಖಾಲಿ ಚೌಕ ಬರುತ್ತದೆ. ಅಲ್ಲಿ ಏನಿತ್ತು, ಯಾರು ಕೆತ್ತಿದ್ದು, ಯಾರು ಕೆಡಿಸಿದ್ದು ಎಂದು ಮಾದರಿಯ ಪುಟದ ಕೆಳಗೆ ನನ್ನ ಹೆಸರು ಹಾಕಿ ಬರೆದಿದ್ದೇನೆ.

ನಾಳೆ ಮುಂಜಾನೆಯ ಬಸ್ಸಿಗೆ ಪೆಟ್ಟಿಗೆ ತರುತ್ತೇನೆ, ಅಕ್ಕ. ಭಾರವೇನೂ ಇಲ್ಲ, ಆವತ್ತೂ ಇರಲಿಲ್ಲ. ಹೊಸ್ತಿಲ ಹೊರಗೇ ನಿಂತು, ‘ಮ’ದ ಎರಡು ಹೋಳು ನಿಮ್ಮ ಕೈಗಿಡುತ್ತೇನೆ. ಬಾಗಿಲ ಮೇಲಿನ ಕಾಗದವನ್ನು ಇಡುವುದೋ ಹರಿಯುವುದೋ — ಆ ಹೊತ್ತು ನಾನು ಅಲ್ಲೇ ನಿಂತಿರುತ್ತೇನೆ.