ಒಂದೇ ಸಾಲಿನ ಇಬ್ಬರು ಕರಿಯಮ್ಮಂದಿರು

೧೯೮೮ರಲ್ಲಿ ನಾನು ಮಧುಗಿರಿಯ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಮನೆ. ಒಳಕೋಣೆಯಲ್ಲಿ ಒಂದು ಯೂನಿಕ್ಸ್ ಸರ್ವರ್, ಹೊರಗೆ ನಾಲ್ಕು ಟರ್ಮಿನಲ್. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟ್ ಬಂತೆಂದರೆ ನಮ್ಮಲ್ಲಿ ವೋಲ್ಟೇಜ್ ಬೀಳುತ್ತಿತ್ತು, ಸ್ಟೆಬಿಲೈಸರ್ ನರಳುತ್ತಿತ್ತು. "ಸಿಟ್ ಸ್ಟಿಲ್, ಚೈಲ್ಡ್" ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಎಷ್ಟು ಹೇಳಿದ್ದರೂ, ಆ ಕೆಲಸದಲ್ಲಿ ನಾನು ಒಂದು ದಿನವೂ ನೆಟ್ಟಗೆ ಕೂತಿದ್ದು ನೆನಪಿಲ್ಲ.

ಆ ವರ್ಷ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ನಾಲ್ಕು ತಾಲ್ಲೂಕಿನ ಹಾಲ್ ಟಿಕೆಟ್ ಮುದ್ರಿಸುವ ಕೆಲಸ ನಮ್ಮದು. ಪರೀಕ್ಷೆಯ ಹಿಂದಿನ ಮಧ್ಯಾಹ್ನ, ತಾವರೆಕೆರೆ ಕಡೆಯ ಹಟ್ಟಿಯಿಂದ ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಒಂದೇ ಹಾಲ್ ಟಿಕೆಟ್.

"ಹೆಸರೇನಮ್ಮ?" ಎಂದೆ ದೊಡ್ಡವಳಂತೆ ಕಂಡವಳಿಗೆ.

"ಕರಿಯಮ್ಮ."

"ನಿಂದು?"

"ಕರಿಯಮ್ಮ."

ಅಜ್ಜಿ ನಕ್ಕಳು. "ನಂದೂ ಅದೇಯ ಕಣಮ್ಮ. ನನ್ ಇಬ್ರು ಮಕ್ಳೂ ಅವರವರ ಮಗೀಗೆ ನನ್ ಹೆಸ್ರೇ ಮಡಗವ್ರೆ. ಈಗ ಮೇಷ್ಟ್ರು ಒಂದ್ ಚೀಟಿ ಕೊಟ್ಟು, ಒಬ್ಳನ್ನ ಕಳ್ಸು ಅಂತಾರೆ. ಯಾರ್ನ ಬುಡ್ಲಿ? ಬೆಳಗ್ಗಿಂದ ಸೊಸೇರಿಬ್ರೂ ಮಾತು ಬುಟ್ಟವ್ರೆ."

ನಮ್ಮ ಸೀನಿಯರ್ ಮೂರ್ತಿ ತಲೆ ಎತ್ತದೆಯೇ ನನಗೆ ಹೇಳಿದರು. "ಮೇಡಂ, ಹೆಸರು, ತಂದೆ, ಊರು, ಡೇಟ್ ಆಫ್ ಬರ್ತ್, ನಾಲ್ಕೂ ಒಂದೇ. ಡೂಪ್ಲಿಕೇಟ್ ಅಂದರೆ ಡೂಪ್ಲಿಕೇಟೇ."

"ನಿಮ್ ಮಿಷಿನ್ಗೆ ಕಣ್ಣಿಲ್ವೇನಪ್ಪ?" ಎಂದಳು ಅಜ್ಜಿ. "ಎಲ್ಡ್ ಹುಡ್ಗೀರು ಎದುರ್ಗೇ ನಿಂತವ್ರೆ."

ನಡೆದದ್ದು ಇಷ್ಟೆ. ಅಪ್ಪಂದಿರು ದೊಡ್ಡೀರಣ್ಣ, ಚಿಕ್ಕೀರಣ್ಣ. ಅರ್ಜಿ ತುಂಬಿದವರಿಗೆ ದೊಡ್ಡ, ಚಿಕ್ಕ ಎಲ್ಲ ಮನೆಮಾತು ಅನ್ನಿಸಿ ಇಬ್ಬರನ್ನೂ ಈರಣ್ಣ ಮಾಡಿದ್ದರು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ ಒಂದು ಅಂತ ಬರೆಯುವುದು ಆಗ ಎಲ್ಲೆಡೆ ರೂಢಿ; ಒಂದೇ ತರಗತಿಯ ಇವರಿಗೆ ಇಸವಿಯೂ ಒಂದೇ. ಹೆಡ್ ಆಫೀಸಿನಿಂದ ಬಂದ ಶೆಲ್ ಸ್ಕ್ರಿಪ್ಟ್, ಅಂದರೆ ಸರ್ವರ್ ಒಂದರ ಹಿಂದೊಂದು ಪಾಲಿಸುವ ಆಜ್ಞೆಗಳ ಫೈಲು, ಸಾರ್ಟ್ ಮೈನಸ್ ಯು ಎಂಬ ಕಮ್ಯಾಂಡಿನಿಂದ, ಅರ್ಜಿಗೊಂದರಂತೆ ಇದ್ದ ಸಾಲುಗಳಲ್ಲಿ ಒಂದೇ ತರದವು ಸಿಕ್ಕರೆ ಒಂದನ್ನು ಮಾತ್ರ ಉಳಿಸುತ್ತಿತ್ತು. ಸಾಲದ್ದಕ್ಕೆ ಉತ್ತರವನ್ನು ಮೂಲ ಫೈಲಿನ ಮೇಲೇ ಬರೆಯುತ್ತಿತ್ತು. ಇನ್ನೊಬ್ಬ ಕರಿಯಮ್ಮ ಡಿಸ್ಕಿನಲ್ಲೇ ಇರಲಿಲ್ಲ.

ಬೇರೆಯವರ ಸ್ಕ್ರಿಪ್ಟ್ ಓಡಿಸುವ ಮುಂಚೆ ಟೇಪಿಗೆ ಒಂದು ಕಾಪಿ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಆದರೆ ಟೇಪ್ ಬೀರುವಿನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ, ವಾಪಸ್ ಓದಿದರೆ ಮಾತ್ರ ಬ್ಯಾಕಪ್. ಡ್ರೈವಿಗೆ ಹಾಕಿದೆ. ಟೇಪ್ ತಿರುಗಲು ಶುರುವಾಯಿತು, ತ್ರೀ ಫೇಸೂ ಬಂತು. ಬಲ್ಬು ಮಂಕಾಯಿತು. ನಾನು ಕೋಣೆಯ ಉದ್ದಗಲ ಓಡಾಡಿದೆ. ಅಜ್ಜಿಗೆ ಶಿರಾ ಬಸ್ಸಿನ ಚಿಂತೆ.

"ಕುಂತ್ಕಳವ್ವ, ನಿನ್ ನೋಡಿ ನಂಗೆ ತಲೆ ತಿರುಗ್ತದೆ" ಎಂದಳು.

ಟೇಪ್ ಓದಿತು. ಹಳೆಯ ಫೈಲನ್ನು ಬೇರೆ ಹೆಸರಿನಲ್ಲಿ ಇಳಿಸಿಕೊಂಡು, ಸಾರ್ಟ್ ಮಾಡಿ, ಯುನಿಕ್ ಮೈನಸ್ ಡಿ ಎಂಬ ಕಮ್ಯಾಂಡ್ ಕೊಟ್ಟು ಜೋಡಿ ಸಾಲುಗಳನ್ನಷ್ಟೇ ತೆಗೆದೆ. ಕೆಲವೇ ಬಂದವು, ಕರಿಯಮ್ಮ ಇದ್ದಳು. ಉಳಿದವರು ನಿಜವಾಗಿ ಇಬ್ಬರೋ, ಟೈಪಿಸ್ಟ್ ಎರಡು ಸಲ ಹೊಡೆದದ್ದೋ ಎಂದು ಕೇಳಲು ಮೂರ್ತಿ ಗೊಣಗುತ್ತಲೇ ಶಾಲೆಗಳಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಸಾರ್ಟ್ ಮೈನಸ್ ಯು ತೆಗೆದು ಸ್ಕ್ರಿಪ್ಟನ್ನು ಮತ್ತೆ ಓಡಿಸುವಂತಿರಲಿಲ್ಲ; ಓಡಿಸಿದರೆ ಅವಳ ನಂತರದವರಿಗೆ ಹಂಚಿಯಾಗಿದ್ದ ಟಿಕೆಟ್ ನಂಬರುಗಳೆಲ್ಲ ಒಂದೊಂದು ಮನೆ ಮುಂದೆ ಸರಿಯುತ್ತಿದ್ದವು. ಕಟ್ಟಕಡೆಯ ನಂಬರಿನ ಮುಂದಿನದನ್ನು ಕೊಟ್ಟು ಎರಡನೇ ಟಿಕೆಟ್ ಮುದ್ರಿಸಿದೆ.

ಯಾವುದು ಯಾರದು? ಎರಡು ಸಾಲೂ ಅಕ್ಷರಕ್ಕೆ ಅಕ್ಷರ ಒಂದೇ. ಮೆಷಿನ್ ಹೇಳಲಾರದು.

"ಮನೇಲಿ ಇವರನ್ನ ಬೇರೆ ಬೇರೆ ಹೇಗೆ ಕರೀತೀರಜ್ಜಿ?"

"ಬ್ಯಾರೆ ಯಾಕೆ? ಒಂದ್ಸಲ ಕೂಗಿದ್ರೆ ಎಲ್ಡೂ ಓಡ್ ಬತ್ತವೆ."

ಅಜ್ಜಿ ಕೈಗೆ ಸಿಕ್ಕ ಹಾಗೆ ಒಬ್ಬೊಬ್ಬಳಿಗೆ ಒಂದೊಂದು ಚೀಟಿ ಕೊಟ್ಟು, ಇಬ್ಬರನ್ನೂ ಎಳೆದುಕೊಂಡು ಬಸ್ಸಿಗೆ ಓಡಿದಳು.

ಮುಂದಿನ ವರ್ಷದ ಅರ್ಜಿಯಲ್ಲಿ ಒಂದು ಕಾಲಮ್ ಹೆಚ್ಚಿಗೆ ಹಾಕಿಸಿದೆ: ತಾಯಿಯ ಹೆಸರು. ಮಾತು ಬಿಟ್ಟಿದ್ದ ಆ ಇಬ್ಬರು ಸೊಸೆಯರು ಅರ್ಜಿಯಲ್ಲಿ ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ನನ್ನ ಸ್ಕ್ರಿಪ್ಟುಗಳು ಆಮೇಲೆ ಯಾವ ಸಾಲನ್ನೂ ಎಸೆಯಲಿಲ್ಲ. ಅನುಮಾನ ಬಂದದ್ದನ್ನು ಪಕ್ಕದ ಫೈಲಿಗೆ ಹಾಕಿ, ಮನುಷ್ಯರನ್ನು ಕೇಳಲು ಬಿಡುತ್ತಿದ್ದವು.

ಆ ಪರೀಕ್ಷೆಯ ರಿಸಲ್ಟ್ ಬಂದಾಗ ನಾನು ಮೊದಲು ಹುಡುಕಿದ್ದು ಆ ಕೊನೆಯ ನಂಬರನ್ನು. ಇತ್ತು! ಮೊದಲ ಟಿಕೆಟ್ಟಿನ ನಂಬರ್ ಇರಲಿಲ್ಲ. ಒಬ್ಬ ಕರಿಯಮ್ಮ ಓದಲು ಹೋದಳು, ಇನ್ನೊಬ್ಬಳು ಹಟ್ಟಿಯಲ್ಲಿ ಉಳಿದಳು. ಅವರಲ್ಲಿ ಯಾರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ ಕೂಗಿದಾಗ ಆ ವರ್ಷ ಒಬ್ಬಳೇ ಓಡಿ ಬಂದಿರಬೇಕು.