ಗೋಡೆಯಾಚೆಯ ಹುಡುಗನ ಶಾಲೆ

ಈಗ ನಾನಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಬಸ್ ಸ್ಟಾಪಿನ ಹಿಂದೆ ಒಂದು ಬೇಕರಿಯಿದೆ. ಕಳೆದ ಶುಕ್ರವಾರ ಅಲ್ಲಿಂದ, ಜಡೆಯಂತೆ ಹೆಣೆದ ಬ್ರೆಡ್ಡು ಬೇಯುವ ವಾಸನೆ ಬಂತು. ಡೈರಿಯಲ್ಲಿ ಎಂದಿನಂತೆ ತಾರೀಕು, ಬಸ್ಸಿನ ನಂಬರು, ಮೋಡ ಎಂದು ಬರೆದೆ. ವಾಸನೆಯ ಬಗ್ಗೆ ಏನು ಬರೆಯಬೇಕೋ ತೋಚಲಿಲ್ಲ. ಚಿಕ್ಕಂದಿನಲ್ಲಿ ನಾವಿದ್ದ, ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನ ಮನೆಯಲ್ಲಿ ಶುಕ್ರವಾರವೆಂದರೆ ಇದೇ ವಾಸನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಬ್ರೆಡ್ಡಿನ ವಾಸನೆಗೆ ಅಮ್ಮ ಅಡುಗೆಮನೆಯ ಕಿಟಕಿ ತೆರೆಯುತ್ತಿದ್ದಳು. ಅದರ ಹಿಂದೆಯೇ ಕೋಳಿ ಸಾರಿನ ವಾಸನೆ ಬಂದರೆ ಪಟಕ್ಕನೆ ಮುಚ್ಚುತ್ತಿದ್ದಳು. ಆ ಮನೆಯವರು ಯಹೂದಿಗಳು, ಶನಿವಾರದ ವಿಶ್ರಾಂತಿದಿನಕ್ಕೆ ಶುಕ್ರವಾರವೇ ಅಡುಗೆ ಮಾಡಿಡುವವರು. ಮಿರಿಯಮ್ ಆಂಟಿಯ ಹಿರಿಯ ಮಗ ಯೋಸಿಗೂ ನನಗೂ ಒಂದೇ ವಯಸ್ಸು. ಊಟ ಮತ್ತು ನಿದ್ದೆ ಬಿಟ್ಟರೆ ಉಳಿದ ಹೊತ್ತೆಲ್ಲ ಇಬ್ಬರೂ ಒಂದೇ ಹಿತ್ತಲಲ್ಲಿರುತ್ತಿದ್ದೆವು.

ನಮಗೆ ನಾಲ್ಕು ತುಂಬಿದಾಗ ಶಾಲೆಯ ಮಾತು ಶುರುವಾಯಿತು. ಪಕ್ಕದ ಬೀದಿಯಲ್ಲೇ ಯಹೂದಿ ಹುಡುಗರ ಪ್ರೈಮರಿ ಶಾಲೆಯಿತ್ತು. ಅಲ್ಲಿ ಬೆಳಿಗ್ಗೆಯೆಲ್ಲ ಅವರ ಹಿರಿಯರ ಯಿಡ್ಡಿಷ್ ಭಾಷೆಯಲ್ಲಿ ಧರ್ಮಪಾಠ, ಮಧ್ಯಾಹ್ನ ಗಣಿತ, ಇಂಗ್ಲಿಷ್. ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಇನ್ನೊಂದು ಯಹೂದಿ ಶಾಲೆ. ಅಲ್ಲಿ ಹುಡುಗಿಯರೂ ಇದ್ದರು, ಜಾಗ ಉಳಿದರೆ ಬೇರೆ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದರು. ಆಂಟಿ ಎರಡನೆಯದನ್ನು ಆರಿಸಿದರೆ ಯೋಸಿಯೂ ನಾನೂ ಒಟ್ಟಿಗೆ ಹೋಗಬಹುದಿತ್ತು. ನನಗೆ ಬೇಕಿದ್ದುದು ಅಷ್ಟೇ. ಅಮ್ಮ ಮಾತ್ರ ಎರಡಕ್ಕೂ ತಯಾರಾಗಿದ್ದಳು.

“ಹತ್ತಿರದ್ದೇ ಆಗ್ಲಿ, ನಡ್ಕೊಂಡು ಹೋಗ್ಬಹುದು. ಒಂದು ಸೀಟ್ ಕೇಳೋದ್ರಲ್ಲಿ ಏನಿದೆ?”

“ಸುಮಾ, ಅದು ಅವರ ಹುಡುಗರಿಗೆ ಕಣೇ,” ಎಂದ ಅಪ್ಪ.

“ನಾನು ಕಾನ್ವೆಂಟಲ್ಲಿ ಓದ್ಲಿಲ್ವಾ? ಬೆಳಿಗ್ಗೆ ಏಸುವಿನ ಪ್ರಾರ್ಥನೆ, ಸಂಜೆ ಮನೇಲಿ ರಾಯರ ಸ್ತೋತ್ರ. ನಂಗೇನಾಯ್ತು?”

“ಏನೂ ಆಗ್ಲಿಲ್ಲ. ನನ್ನ ಮದ್ವೆ ಆದೆ, ಅಷ್ಟೇ.”

ಹತ್ತಿರದ ಶಾಲೆಯನ್ನು ನೋಡಲು ಆಂಟಿ ಹೊರಟಾಗ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿ ಜೊತೆಗೆ ಕರೆದುಕೊಂಡು ಹೋದಳು. ಗಡ್ಡದ ಹೆಡ್‌ಮಾಸ್ಟರು ಅಮ್ಮನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಇಲ್ಲಿ ಹುಡುಗರು ಓದಲು ಮಾತ್ರವಲ್ಲ, ಹೀಗೇ ಬದುಕಲು ಕಲಿಯುತ್ತಾರೆ, ನಿಮ್ಮ ಮಗನಿಗೆ ಅದರಿಂದ ಏನು ಸಿಕ್ಕೀತು ಎಂದರಂತೆ. ನನಗೆ ನೆನಪಿರುವುದು ಅವರು ಕೊಟ್ಟ ಪೆಪ್ಪರ್ಮಿಂಟು ಮಾತ್ರ. ಉಳಿದದ್ದನ್ನು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ವಾಪಸು ಬರುವಾಗ ಅವಳು ನನ್ನನ್ನು, “ಹಸಿವಾಗ್ತಿದ್ಯಾ ಪುಟ್ಟಾ?” ಎಂದು ಕೇಳಿದಳಂತೆ. ನಾನು, “ಯೆಸ್, ಕ್ಯಾನ್ ಐ ಹ್ಯಾವ್ ಕ್ರಿಸ್ಪ್ಸ್?” ಎಂದೆನಂತೆ.

“ಅವನಿಗೆ ನಿನ್ನ ಮಾತು ಅರ್ಥ ಆಗುತ್ತೆ, ಅಲ್ವಾ?” ಎಂದು ಮಿರಿಯಮ್ ಆಂಟಿ ಕೇಳಿದರು.

“ಪೂರ್ತಿ ಅರ್ಥ ಆಗುತ್ತೆ.”

“ನನ್ನ ಅಜ್ಜಿ ಯಿಡ್ಡಿಷಲ್ಲಿ ಮಾತಾಡಿದ್ರೆ ನಂಗೂ ಹಾಗೇ, ಎಲ್ಲ ಅರ್ಥ ಆಗ್ತಿತ್ತು. ಉತ್ತರ ಮಾತ್ರ ಇಂಗ್ಲಿಷಲ್ಲಿ ಹೇಳ್ತಿದ್ದೆ. ಈಗ ಯೋಸಿಗೆ ಹೇಳಿಕೊಡೋಕೆ ನನ್ನ ಹತ್ತಿರ ಏನೂ ಇಲ್ಲ, ಸುಮಾ. ಬಸ್ಸಿನ ಶಾಲೆ ನಂಗೂ ಇಷ್ಟ. ಆದ್ರೂ ಅವನನ್ನ ಇಲ್ಲೇ ಸೇರಿಸ್ತೀನಿ.”

ಅಮ್ಮ ಮನೆಗೆ ಬಂದವಳೇ ಕ್ರಿಸ್ಪ್ಸ್ ಎಂಬ ಆಲೂ ಚಿಪ್ಸಿನ ಪೊಟ್ಟಣವನ್ನು ಫ್ರಿಜ್ಜಿನ ಮೇಲಿಟ್ಟು, “ಕನ್ನಡದಲ್ಲಿ ಕೇಳು, ಕೊಡ್ತೀನಿ,” ಎಂದಳು. ನಾನು ತುಂಬಾ ಹೊತ್ತು ಅತ್ತೆನಂತೆ. ಓದುಬರಹ ಬಂದ ಮೇಲೆ ದಿನಕ್ಕೊಂದು ಸಾಲು ಕನ್ನಡ ಬರೆಯಬೇಕೆಂಬ ನಿಯಮ ಬಂತು. ನನ್ನ ಡೈರಿ ಶುರುವಾದದ್ದು ಹಾಗೆ.

ಯೋಸಿ ಆ ಸೆಪ್ಟೆಂಬರಿನಲ್ಲಿ ಕಪ್ಪು ಟೋಪಿ ತೊಟ್ಟು ಪಕ್ಕದ ಬೀದಿಗೆ ಹೋದ, ನಾನು ಊರಿನ ಕೌನ್ಸಿಲ್ ಗೊತ್ತುಮಾಡಿದ ಸರ್ಕಾರಿ ಶಾಲೆಗೆ ಹೋದೆ. ಅವನು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಜಗಳವೇನೂ ಆಗಲಿಲ್ಲ, ಹಿತ್ತಲಿಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಯೋಸಿಗೆ ತಮ್ಮಂದಿರು ಹುಟ್ಟಿದ ಮೇಲೆ ಅವರು ದೊಡ್ಡ ಮನೆಗೆ ಹೋದರು. ನಾವೂ ನಮ್ಮ ಮನೆ ಮಾರಿದೆವು. ಈಗ ಯಾರೋ ಎರಡನ್ನೂ ಕೊಂಡು, ನಡುವಿನ ಗೋಡೆ ಒಡೆದು ಒಂದೇ ಮಾಡಿದ್ದಾರೆ.

ಒಮ್ಮೆ ಮ್ಯಾಂಚೆಸ್ಟರಿನ ಟ್ರ್ಯಾಮಿನಲ್ಲಿ ಯೋಸಿ ಸಿಕ್ಕಿದ. ಗಡ್ಡ ಬಂದಿತ್ತು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಕನ್ನಡ ಕೇಳಿಯೇ ಇರಬೇಕು, ಅವನು ತಿರುಗಿ ನೋಡಿದ. ಚೆನ್ನಾಗಿದ್ದೀಯಾ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ, ಚೆನ್ನಾಗಿದ್ದೇನೆ ಎಂದೆ. ಪಕ್ಕದಲ್ಲಿದ್ದ ಅವನ ತಮ್ಮ ಯಿಡ್ಡಿಷಿನಲ್ಲಿ ಏನೋ ಕೇಳಿದ, ನಾನು ಯಾರೆಂದೇ ಇರಬೇಕು. ಯೋಸಿ ನನ್ನತ್ತ ನೋಡಿ ನಕ್ಕು, ತಮ್ಮನಿಗೆ ಅದೇ ಭಾಷೆಯಲ್ಲಿ ಸ್ವಲ್ಪ ದೀರ್ಘವಾಗಿಯೇ ಉತ್ತರ ಹೇಳಿದ. ನನಗೆ ಒಂದು ಪದವೂ ತಿಳಿಯಲಿಲ್ಲ.