ಉಳಿದರ್ಧ ಹೇಳುವವಳು

ಎರಡು ವರ್ಷದ ಹಿಂದಿನ ಮಾತು. ಮಾಗಡಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಗೃಹಿಣಿಯಾಗಿ ನನಗದು ಇಪ್ಪತ್ತೈದನೆಯ ವರ್ಷ. ನನ್ನ ಕೆಲಸದಲ್ಲಿ ಹೆಚ್ಚಿನ ಪಾಲು ಮಗಳು ಮಂಗಳಾಳನ್ನು ನೋಡಿಕೊಳ್ಳುವುದೇ. ಇಪ್ಪತ್ತೊಂದು ತುಂಬಿದ್ದರೂ ಬುದ್ಧಿ ಬೆಳೆದದ್ದು ನಿಧಾನ. ನಾನೊಂದು ದಾರಿ ಕಂಡುಕೊಂಡಿದ್ದೆ: ನಾನು ಅರ್ಧ ಹೇಳುವುದು, ಅವಳು ಉಳಿದರ್ಧ. ದೀಪ ಹಚ್ಚಿ ನಾನು "ಸಾವನದುರ್ಗದ" ಎಂದರೆ ಅವಳು "ನರ್ಸಿಮ್ಮ!" ಎಂದು ಕೈಮುಗಿಯುತ್ತಿದ್ದಳು. ಮುದ್ದೆಗೆ ನಾನು ಹಿಟ್ಟು ಹಾಕಿದರೆ ಅವಳು ಕೋಲು ಹಿಡಿಯುತ್ತಿದ್ದಳು. ಅವಳಿಗೆ ಎಲ್ಲ ಬರುತ್ತದೆ ಎಂದೇ ನಂಬಿದ್ದೆ.

ಅಂಗವಿಕಲರ ಕಾರ್ಡಿಗಾಗಿ ರಾಮನಗರದ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಸ್ವಾಮಿ ದೊಡ್ಡವನು. ಐ.ಕ್ಯೂ. ಟೆಸ್ಟ್, ಅಂದರೆ ಬುದ್ಧಿಯ ಅಳತೆ, ಮಾಡುವ ಮೇಡಂ ಚಿಕ್ಕ ವಯಸ್ಸಿನವರು. ಮೊದಲ ಪ್ರಶ್ನೆಗೇ ನಾನು ಬಾಯಿ ಹಾಕಿದೆ.

"ಅಮ್ಮಾ, ಪರೀಕ್ಷೆ ನಿಮಗೋ ಅವಳಿಗೋ?" ಎಂದು ನಕ್ಕರು. "ಸ್ವಲ್ಪ ಹೊರಗೆ ಕೂತಿರಿ."

"ಒಸಿ ಸುರು ಮಾಡ್ಕೊಟ್ರೆ ಸಾಕು ಮೇಡಮ್ಮೋರೆ, ಮಿಕ್ಕಿದ್ದು ಅವ್ಳೇ ಹೇಳ್ತಾಳೆ."

"ಹಾಗೆ ಬರಲ್ಲಮ್ಮ. ಅವಳ ತಲೆಯೊಳಗೆ ಏನಿದೆ ಅಂತಷ್ಟೇ ನಾನು ಬರೀಬೇಕು."

ಹೊರಗಿನ ಬೆಂಚಿಗೆ ಎಲ್ಲ ಕೇಳುತ್ತಿತ್ತು. "ಮಂಗಳಾ, ನಿಮ್ಮನೆ ದೇವರು ಯಾವುದು?" ಸದ್ದಿಲ್ಲ. ನನ್ನ ನಾಲಿಗೆಯ ತುದಿಗೆ "ಸಾವನದುರ್ಗದ" ಬಂದು ನಿಂತಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಬಾಗಿಲು ತೆರೆದಾಗ ಮಂಗಳಾ ನನ್ನ ಖಾಲಿ ಕುರ್ಚಿಯ ಕಡೆ ತಿರುಗಿ ಕೂತಿದ್ದಳು. ಒಂದು ಉತ್ತರವೂ ಬಂದಿರಲಿಲ್ಲ.

ನಾನು ಅತ್ತುಬಿಟ್ಟೆ. ಮೇಡಂ ನೀರು ಕೊಟ್ಟು ಬಿಡಿಸಿ ಹೇಳಿದರು. ಪಶ್ಚಿಮದ ದೇಶಗಳಲ್ಲಿ ಕೆಲವು ನೂರು ವರ್ಷಗಳ ಹಿಂದೆ, ಒಬ್ಬ ಪಂಡಿತರು ಒಂಟಿಯಾಗಿ ಕೂತು ಎಲ್ಲವನ್ನೂ ಅನುಮಾನಿಸಿದರಂತೆ. ಲೋಕ, ಜನ, ತಮ್ಮ ಮೈಕೈ ಎಲ್ಲ ಅನುಮಾನವಾಗಿ, ಯೋಚನೆ ಮಾಡುತ್ತಿರುವ ತಾವೊಬ್ಬರೇ ಖಚಿತವಾಗಿ ಉಳಿದರಂತೆ. ಅಲ್ಲಿಂದ ಮನಸ್ಸೆಂದರೆ ಒಬ್ಬೊಬ್ಬರೊಳಗೂ ಬಾಗಿಲು ಮುಚ್ಚಿದ ಒಂದೊಂದು ಕೋಣೆ ಎಂಬ ಎಣಿಕೆ ಬೇರೂರಿತು. ಆಮೇಲೆ ಬಂದವರು ಅದಕ್ಕೊಂದು ಅಳತೆ ಮಾಡಿದರು.

"ಈ ಟೆಸ್ಟು ಆ ಕಡೆಯಿಂದ ಬಂದದ್ದಮ್ಮ. ಇಬ್ಬರ ಮಧ್ಯೆ ಇರೋದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ."

"ನಮ್ಮಿಬ್ರುದ್ದೂ ಸೇರಿ ಒಂದೇ ಮನ್ಸು ಕಣ್ ಮೇಡಮ್ಮೋರೆ."

ಅವರು ಪೆನ್ನು ಕೆಳಗಿಟ್ಟರು. "ಇರಬಹುದು. ನೀವಿಲ್ಲದ ದಿನ?"

ಕಾರ್ಡು ಸಿಕ್ಕಿತು, ಅದೂ ದೇವರ ದಯೆ. ಆ ಪಂಡಿತರು ಸರಿಯೋ ತಪ್ಪೋ ನಾನರಿಯೆ. ಮಗಳ ಮನಸ್ಸಿನ ಅರ್ಧ ನನ್ನಲ್ಲಿತ್ತು, ಅದು ಸುಳ್ಳಲ್ಲ. ಅದನ್ನು ಇನ್ನೊಬ್ಬರಿಗೆ ಕೊಡದೆ ಇಟ್ಟುಕೊಂಡವಳು ನಾನು. ಪ್ರೀತಿ ಎಂದುಕೊಂಡಿದ್ದೆ.

ಆಸ್ಪತ್ರೆಯಿಂದ ಬಂದ ಮರುದಿನದಿಂದ ಓರಗಿತ್ತಿ ಜಯಮ್ಮನ ಕೈಲಿ ದೀಪ ಹಚ್ಚಿಸಿದೆ. ಅವಳು "ಸಾವನದುರ್ಗದ" ಎಂದರೆ ಮಂಗಳಾ ನನ್ನ ಮುಖ ನೋಡುತ್ತಿದ್ದಳು.

"ಅಕ್ಕಾ, ನಿನ್ ಮಕದಾಗೆ ಬರ್ದೈತಾ? ನಡಿ ಆಚ್ಗೆ!" ಎಂದು ಜಯಮ್ಮ ಗದರಿದಳು. ಹೋದೆ. ತಿಂಗಳುಗಟ್ಟಲೆ ಮಂಗಳಾ ಬಾಯಿ ಬಿಡಲಿಲ್ಲ.

ನಾನಿಲ್ಲದ ದಿನವನ್ನು ನಾನಿರುವಾಗಲೇ ಅವಳಿಗೆ ರೂಢಿ ಮಾಡಿಸಬೇಕು. ಮನೆ, ಮಗಳನ್ನು ನೋಡಿಕೊಳ್ಳುವ ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಒಂದು ಸಂಜೆ ಗೋಡೆಯ ಹಿಂದೆ ನಿಂತಿದ್ದಾಗ, ಜಯಮ್ಮನ ಮಾತಿಗೆ ಸಣ್ಣ ದನಿ ಸೇರಿತು: "ನರ್ಸಿಮ್ಮ." ನಿಂತಲ್ಲೇ ಕೈಮುಗಿದೆ.

ಅದರ ಬೆನ್ನಿಗೇ ಮಂಗಳಾ, "ಅವ್ವ ಎಲ್ಲಿ?" ಎಂದಳು.

ನಾನು ಓಗೊಡಲಿಲ್ಲ. ಸೆರಗು ಬಾಯಲ್ಲಿತ್ತು.